ಡಿಸ್ಕ್ ಇಲ್ಲದ ಯಂತ್ರದ ಇಟಿಸಿ ಯಾರದು?

ದಾವಣಗೆರೆಯ ಒಂದು ಕಾಲೇಜು ಲ್ಯಾಬ್‌ನಲ್ಲಿ ಹತ್ತು ಹನ್ನೆರಡು ಹಳೇ ಕಂಪ್ಯೂಟರ್‌ಗಳಿದ್ದವು. ಒಂದರಲ್ಲೂ ಹಾರ್ಡ್ ಡಿಸ್ಕ್ ಇರಲಿಲ್ಲ, ಎಲ್ಲವೂ ಮೂಲೆಯ ಸರ್ವರ್‌ನಿಂದಲೇ ಫ್ರೀಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಎಳೆದುಕೊಂಡು ಏಳಬೇಕಿತ್ತು. ಒಂದು ಸಂಜೆ ಒಂದೇ ಯಂತ್ರಕ್ಕೆ ಅಂತ, ಸೆಟ್ಟಿಂಗ್ ಫೈಲುಗಳು ಕೂರುವ ಇಟಿಸಿ (/etc) ಫೋಲ್ಡರ್‌ನ ಆರ್‌ಸಿ.ಕಾನ್ಫ್ ಫೈಲಿಗೆ ಹೊಸ ಹೆಸರು ಹಾಕಿ, ಮಂಡಕ್ಕಿ ಮಿರ್ಚಿ ತಿನ್ನಲು ಹೋದೆ. ಬೆಳಿಗ್ಗೆ ನೋಡಿದರೆ ಎಲ್ಲ ಯಂತ್ರಗಳಿಗೂ ಅದೇ ಹೆಸರು!

ಈ ತಲೆನೋವು 1980ರ ದಶಕದ್ದು. ಆಗ ಡಿಸ್ಕ್ ದುಬಾರಿ. ಸನ್ ಮೈಕ್ರೋಸಿಸ್ಟಮ್ಸ್ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್ ಮಾರುತ್ತಿತ್ತು, ಫೈಲು ಹಂಚಲು ಎನ್‌ಎಫ್‌ಎಸ್ ತಂದಿತು. ಬೂಟ್ ಆಗುವುದೇನೋ ಸಲೀಸು. ಯಂತ್ರ ತನ್ನ ವಿಳಾಸ ಏನು ಅಂತ ಕೂಗುತ್ತದೆ, 1984ರ ಆರ್‌ಎಆರ್‌ಪಿ ಇಲ್ಲವೇ 1985ರ ಬೂಟ್‌ಪಿ ಎಂಬ ನೆಟ್‌ವರ್ಕ್ ಪದ್ಧತಿಯಲ್ಲಿ ಸರ್ವರ್ ಉತ್ತರ ಕೊಡುತ್ತದೆ, ಫೈಲು ಸಾಗಿಸುವ ಸರಳ ಪದ್ಧತಿಯಾದ ಟಿಎಫ್‌ಟಿಪಿಯಲ್ಲಿ ಬೂಟ್ ಪ್ರೋಗ್ರಾಂ ಇಳಿಯುತ್ತದೆ. ಕಷ್ಟ ಇರುವುದು ಆಮೇಲೆ. ಯುನಿಕ್ಸ್ ಹುಟ್ಟಿದ್ದು ಒಂದೇ ಯಂತ್ರಕ್ಕೆ ಹತ್ತಾರು ಜನ ಕೂರುವ ಕಾಲದಲ್ಲಿ. ಹಾಗಾಗಿ ಎಲ್ಲರೂ ಹಂಚಿಕೊಳ್ಳಬಹುದಾದ ಪ್ರೋಗ್ರಾಂಗಳೂ ದಿನಾ ಬೆಳೆಯುವ ಲಾಗ್ ಅಂದರೆ ದಾಖಲೆ ಫೈಲುಗಳೂ ಯುಎಸ್‌ಆರ್ (/usr) ಎಂಬ ಫೋಲ್ಡರ್ ಒಳಗೇ ಒಟ್ಟಿಗೆ ಬಿದ್ದಿದ್ದವು.

ಸನ್ ಕಂಪನಿಯ ಆಪರೇಟಿಂಗ್ ಸಿಸ್ಟಮ್, 1988ರ ಸನ್‌ಓಎಸ್ 4.0, ಇದನ್ನು ಬಿಡಿಸಿತು. ಯುಎಸ್‌ಆರ್ ಓದಲು ಮಾತ್ರ, ಬರೆಯುವುದೆಲ್ಲ ವರ್ (/var) ಫೋಲ್ಡರ್‌ಗೆ. ಪ್ರತಿ ಯಂತ್ರಕ್ಕೂ ಸರ್ವರ್‌ನಲ್ಲಿ ಸ್ವಂತ ರೂಟ್, ಅಂದರೆ ಇಟಿಸಿಯೂ ಸೇರಿ ಎಲ್ಲ ಫೋಲ್ಡರ್‌ಗಳ ಬುಡ. ಚೆನ್ನಾಗಿದೆ, ಆದರೆ ಇಪ್ಪತ್ತು ಯಂತ್ರ ಇದ್ದರೆ ಇಪ್ಪತ್ತು ಇಟಿಸಿ, ಒಂದು ಸಾಲು ತಿದ್ದಲು ಇಪ್ಪತ್ತು ಕಡೆ ಅಲೆಯಬೇಕು. ನನಗಂತೂ ಅದು ಸುಮ್ನೆ ಕೂಲಿ ಕೆಲಸ.

ಫ್ರೀಬಿಎಸ್‌ಡಿ ಮಂದಿ ಉಲ್ಟಾ ಯೋಚಿಸಿದರು. ರೂಟ್ ಎಲ್ಲರಿಗೂ ಒಂದೇ, ಅದೂ ಓದಲು ಮಾತ್ರ. ಬೂಟ್ ಆಗುವಾಗ ಇಟಿಸಿಯನ್ನು ಮೆಮೊರಿಯಲ್ಲೇ ಹೊಸದಾಗಿ ಕಟ್ಟುವುದು. ಅದಕ್ಕೆ ಬೇಕಾದ ಫೈಲುಗಳು ಕಾನ್ಫ್ ಫೋಲ್ಡರ್‌ನಲ್ಲಿ: ಮೊದಲು ಮೂಲ ಪ್ರತಿಯಾದ ಬೇಸ್, ಅದರ ಮೇಲೆ ಎಲ್ಲರಿಗೂ ಸೇರಿದ ಡಿಫಾಲ್ಟ್, ಕೊನೆಗೆ ಆಯಾ ಯಂತ್ರದ ಐಪಿ ವಿಳಾಸದ ಹೆಸರಿನ ಫೋಲ್ಡರ್. ಮೇಲೆ ಬಂದದ್ದು ಕೆಳಗಿನದನ್ನು ಮುಚ್ಚುತ್ತದೆ. ನಾನು ಕೈಯಿಟ್ಟಿದ್ದು ಡಿಫಾಲ್ಟ್‌ಗೆ, ಇಡಬೇಕಿದ್ದದ್ದು ಐಪಿ ಫೋಲ್ಡರ್‌ಗೆ.

ಒಂದು ಸೂಕ್ಷ್ಮ ಇದೆ. ಈ ಕಟ್ಟುವ ಕೆಲಸ ಆರ್‌ಸಿ.ಕಾನ್ಫ್ ಓದುವ ಮೊದಲೇ ಮುಗಿಯಬೇಕು, ಯಾಕಂದರೆ ಆ ಫೈಲೇ ಇನ್ನೂ ತಯಾರಾಗಿರುವುದಿಲ್ಲ ಅಲ್ವಾ? ಅದಕ್ಕೇ ಮೊದಲಿಗೇ ಓಡುವ ಬೇರೆ ಸ್ಕ್ರಿಪ್ಟ್ ಇಟ್ಟರು. ಆಗ ಅದರ ಹೆಸರು ಆರ್‌ಸಿ.ಡಿಸ್ಕ್‌ಲೆಸ್1, ಮುಂದೆ ಆರ್‌ಸಿ.ಇನಿಟ್‌ಡಿಸ್ಕ್‌ಲೆಸ್ ಆಯಿತು.

ತೊಂದರೆ ಇಲ್ಲವೆಂದಲ್ಲ. ಮೆಮೊರಿಯಲ್ಲಿನ ಇಟಿಸಿ ಯಂತ್ರ ಆರಿದೊಡನೆ ಮಾಯ. ಪಾಸ್‌ವರ್ಡ್‌ಗಳೂ ಇರುವುದು ಇಟಿಸಿಯಲ್ಲೇ, ಹಾಗಾಗಿ ನಮ್ಮ ಲ್ಯಾಬ್‌ನಲ್ಲಿ ಪಾಸ್‌ವರ್ಡ್ ಬದಲಿಸಿದ ಹುಡುಗ, ಕರೆಂಟ್ ಹೋಗಿ ಬಂದ ಮೇಲೆ ಹಳೇ ಪಾಸ್‌ವರ್ಡ್ ಕೊಟ್ಟರೇ ಒಳಗೆ ಹೋಗುತ್ತಿದ್ದ.