ವ್ಯಾಂಕೋಮೈಸಿನ್ ಪ್ರತಿರೋಧ: ವ್ಯಾನ್‌ಎಕ್ಸ್ ಕಿಣ್ವ ಯಾಕೆ ಬೇಕೇ ಬೇಕು?

ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ) ಸೋಂಕಿಗೆ ಬೇರೆ ಔಷಧಗಳು ಕೈಕೊಟ್ಟಾಗ ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಇದು ಬಳಕೆಗೆ ಬಂದಿದ್ದು 1958ರಲ್ಲಿ. ಇದಕ್ಕೆ ಜಗ್ಗದ ಎಂಟರೋಕಾಕಸ್ ಬ್ಯಾಕ್ಟೀರಿಯಾ ವರದಿಯಾಗಿದ್ದು 1988ರಲ್ಲಿ. ಇಷ್ಟು ತಡವಾಗಿದ್ದಕ್ಕೆ ಔಷಧ ಕೆಲಸ ಮಾಡುವ ರೀತಿಯೂ ಒಂದು ಕಾರಣ.

ಬಹಳಷ್ಟು ಆ್ಯಂಟಿಬಯಾಟಿಕ್‌ಗಳು ಯಾವುದೋ ಕಿಣ್ವವನ್ನೋ ರೈಬೋಸೋಮನ್ನೋ ಹಿಡಿಯುತ್ತವೆ. ಅಲ್ಲಿ ಒಂದು ಮ್ಯುಟೇಶನ್ ಆದರೂ ಹಿಡಿತ ಸಡಿಲವಾಗಬಹುದು. ವ್ಯಾಂಕೋಮೈಸಿನ್ ಹಿಡಿಯುವುದು ಕೋಶಭಿತ್ತಿಯ ಕಚ್ಚಾವಸ್ತುವನ್ನು. ಅದಕ್ಕೆ ಐದು ಅಮೈನೋ ಆಮ್ಲಗಳ ಒಂದು ಬಾಲ ಇರುತ್ತದೆ. ಕೊನೆಯ ಎರಡೂ ಡಿ-ಅಲನೈನ್. ಐದು ಹೈಡ್ರೋಜನ್ ಬಂಧಗಳಿಂದ ಔಷಧ ಆ ಜೋಡಿಗೆ ಅಂಟಿಕೊಳ್ಳುತ್ತದೆ. ಈ ಜೋಡಿ ಯಾವ ಜೀನಿನಲ್ಲೂ ನೇರವಾಗಿ ಬರೆದಿಲ್ಲ, ಕಿಣ್ವಗಳು ಸೇರಿಸಿ ಮಾಡಿದ್ದು. ಹಾಗಾಗಿ ಒಂದು ಸಣ್ಣ ಮ್ಯುಟೇಶನ್ ಸಾಲದು.

ಪ್ರತಿರೋಧ ಬಂದಾಗ ಕೊನೆಯ ಡಿ-ಅಲನೈನ್ ಜಾಗಕ್ಕೆ ಡಿ-ಲ್ಯಾಕ್ಟೇಟ್ ಬರುತ್ತದೆ. ಎನ್‌ಎಚ್ ಇದ್ದ ಕಡೆ ಬರೀ ಆಕ್ಸಿಜನ್, ಅಷ್ಟೇ ವ್ಯತ್ಯಾಸ. ಒಂದು ಬಂಧ ತಪ್ಪುತ್ತದೆ. ಜೊತೆಗೆ ಈ ಆಕ್ಸಿಜನ್ನೂ ಔಷಧದಲ್ಲಿ ಎದುರಿಗಿರುವ ಆಕ್ಸಿಜನ್ನೂ ಒಂದನ್ನೊಂದು ದೂರ ತಳ್ಳುತ್ತವೆ. ಹಿಡಿತ ಸುಮಾರು 1000 ಪಟ್ಟು ಕುಸಿಯುತ್ತದೆ, ಅದರಲ್ಲಿ ತಳ್ಳಾಟದ ಪಾಲೇ ಜಾಸ್ತಿ. ಭಿತ್ತಿ ಕೆಡುವುದಿಲ್ಲವೇ? ಇಲ್ಲ. ಬಾಲಗಳನ್ನು ಒಂದಕ್ಕೊಂದು ಹೆಣೆಯುವಾಗ ಕೊನೆಯ ತುಂಡು ಹೇಗೂ ಕಳಚಿ ಹೋಗುತ್ತದೆ.

ಈ ಬದಲಾವಣೆ ಮಾಡುವ ವ್ಯಾನ್ ಜೀನ್‌ಗಳಿಗೆ ಬರೋಣ. ವ್ಯಾನ್‌ಎಸ್ ಔಷಧದ ಸುಳಿವು ಹಿಡಿಯುತ್ತದೆ, ವ್ಯಾನ್‌ಆರ್ ಉಳಿದವನ್ನು ಚಾಲೂ ಮಾಡುತ್ತದೆ. ವ್ಯಾನ್‌ಎಚ್ ಪೈರುವೇಟ್‌ನಿಂದ ಡಿ-ಲ್ಯಾಕ್ಟೇಟ್ ತಯಾರಿಸುತ್ತದೆ. ವ್ಯಾನ್‌ಎ ಅದನ್ನು ಡಿ-ಅಲನೈನ್‌ಗೆ ಜೋಡಿಸುತ್ತದೆ. ಹೊಸ ತುದಿ ಸಿದ್ಧವಾಯ್ತು ಅಲ್ವಾ? ಹಾಗಾದರೆ ವ್ಯಾನ್‌ಎಕ್ಸ್ ಯಾಕೆ? ನಾನು ತುಂಬಾ ಹೊತ್ತು ನಿಂತಿದ್ದು ಇಲ್ಲೇ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ಬ್ಯಾಕ್ಟೀರಿಯಾದ ಸ್ವಂತ ಕಿಣ್ವ ಡಿಡಿಎಲ್ ಕೆಲಸ ನಿಲ್ಲಿಸಿರುವುದಿಲ್ಲ. ಅದು ಡಿ-ಅಲನೈನ್ ಜೋಡಿಯನ್ನು ಮಾಡುತ್ತಲೇ ಇರುತ್ತದೆ. ಜೋಡಿಯನ್ನು ಬಾಲಕ್ಕೆ ಸೇರಿಸುವ ಮರ್‌ಎಫ್ ಕಿಣ್ವ ಹಳೆಯದು, ಹೊಸದು ಎರಡನ್ನೂ ತೆಗೆದುಕೊಳ್ಳುತ್ತದೆ. ಅಲ್ಲಿಗೆ ಕೋಶದಲ್ಲಿ ಎರಡೂ ಬಗೆಯ ಬಾಲಗಳು ಬೆರೆತಿರುತ್ತವೆ. ಅರ್ಧ ಬಾಲಗಳು ಪಾರಾದರೆ ಅರ್ಧ ಪ್ರತಿರೋಧವಾದರೂ ಸಿಗಬೇಕಲ್ಲ ಅನಿಸುತ್ತದೆ. ಇಲ್ಲಿ ವಾಹಕ ಲಿಪಿಡ್ ಎಂಬ ಕೊಬ್ಬಿನಂಥ ಅಣುವನ್ನು ಗಮನಿಸಿ. ಕಚ್ಚಾವಸ್ತುವನ್ನು ಪೊರೆಯಾಚೆ ದಾಟಿಸುವುದು ಅದೇ. ಕೋಶದಲ್ಲಿ ಅದರ ಅಣುಗಳು ಕಡಿಮೆ. ಸರಕು ಇಳಿಸಿ ವಾಪಸ್ ಬಂದರೆ ಮಾತ್ರ ಮುಂದಿನ ಸರಕು. ಹಳೆಯ ಬಾಲಕ್ಕೆ ವ್ಯಾಂಕೋಮೈಸಿನ್ ಅಂಟಿದರೆ ಸರಕು ಇಳಿಯುವುದಿಲ್ಲ, ವಾಹಕ ಅಲ್ಲೇ ಸಿಕ್ಕಿಬೀಳುತ್ತದೆ. ಒಂದೊಂದೇ ಸಿಕ್ಕಿಬೀಳುತ್ತಾ ಹೋದರೆ ಹೊಸ ಬಾಲಗಳನ್ನು ಸಾಗಿಸುವುದಕ್ಕೂ ವಾಹಕ ಉಳಿಯುವುದಿಲ್ಲ. ಅಂದರೆ ಹಳೆಯ ಜೋಡಿ ಬಾಲಕ್ಕೆ ಸೇರುವ ಮೊದಲೇ ಇಲ್ಲವಾಗಬೇಕು. ವ್ಯಾನ್‌ಎಕ್ಸ್ ಮಾಡುವುದು ಅದನ್ನೇ: ಡಿ-ಅಲನೈನ್ ಜೋಡಿಯನ್ನು ಕತ್ತರಿಸುತ್ತದೆ, ಲ್ಯಾಕ್ಟೇಟ್ ಇರುವ ಜೋಡಿಯನ್ನು ಮುಟ್ಟುವುದಿಲ್ಲ. ತಪ್ಪಿಸಿಕೊಂಡು ಬಾಲಕ್ಕೆ ಸೇರಿಬಿಟ್ಟಿದ್ದರ ತುದಿ ಕತ್ತರಿಸುವುದಕ್ಕೆ ವ್ಯಾನ್‌ವೈ ಇದೆ.

ಡಿಡಿಎಲ್ ಅನ್ನೇ ಬಿಟ್ಟುಬಿಟ್ಟರೆ ಸುಲಭವಲ್ಲವೇ? ಹಾಗೆ ಮಾಡಿದ ಎಂಟರೋಕಾಕಸ್‌ಗಳು ರೋಗಿಗಳಲ್ಲೇ ಸಿಕ್ಕಿವೆ. ಅವು ಬೆಳೆಯುವುದಕ್ಕೆ ವ್ಯಾಂಕೋಮೈಸಿನ್ ಬೇಕು! ಔಷಧ ಇಲ್ಲದಿದ್ದರೆ ವ್ಯಾನ್ ಜೀನ್‌ಗಳು ಚಾಲೂ ಆಗುವುದಿಲ್ಲ, ಡಿಡಿಎಲ್ಲೂ ಇಲ್ಲ, ಬಾಲದ ತುದಿ ಮಾಡುವವರೇ ಇಲ್ಲ. ಇದು ಓದಿದ ಮೇಲೆ ನನಗೆ ಇಡೀ ವ್ಯವಸ್ಥೆ ಗಟ್ಟಿಯಾಗಿ ಕೂತಿತು.

ಈ ಜೀನ್‌ಗಳು ಆಸ್ಪತ್ರೆಯಲ್ಲಿ ಹುಟ್ಟಿದವಲ್ಲ. ಇಂಥ ಔಷಧ ತಯಾರಿಸುವ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲೂ ಇವೆ. ಸುಮಾರು 30,000 ವರ್ಷ ಹಳೆಯ ಹೆಪ್ಪುಗಟ್ಟಿದ ನೆಲದ ಡಿಎನ್‌ಎಯಲ್ಲೂ ಸಿಕ್ಕಿವೆ ಎಂದು 2011ರಲ್ಲಿ ಪ್ರಕಟವಾಯಿತು. ಎಂಟರೋಕಾಕಸ್‌ನಲ್ಲಿ ವ್ಯಾನ್‌ಎ ಗುಂಪು ಟಿಎನ್1546 ಎಂಬ ಟ್ರಾನ್ಸ್‌ಪೋಸಾನ್ (ಜಾಗ ಬದಲಿಸಬಲ್ಲ ಡಿಎನ್‌ಎ ತುಂಡು) ಮೇಲಿರುತ್ತದೆ. ಅದರಿಂದಲೇ ಸ್ಟ್ಯಾಫಿಲೋಕಾಕಸ್‌ಗೂ ದಾಟಿತು, 2002ರಲ್ಲಿ ಅಮೆರಿಕದಲ್ಲಿ ವಿಆರ್‌ಎಸ್‌ಎ (ವ್ಯಾಂಕೋಮೈಸಿನ್‌ಗೆ ಜಗ್ಗದ ಸ್ಟ್ಯಾಫಿಲೋಕಾಕಸ್) ಕಾಣಿಸಿಕೊಂಡಿದ್ದು ಹಾಗೆ.

ವಿಐಎಸ್‌ಎ (ವ್ಯಾಂಕೋಮೈಸಿನ್‌ಗೆ ಅರೆಬರೆ ಪ್ರತಿರೋಧ ಇರುವ ಸ್ಟ್ಯಾಫಿಲೋಕಾಕಸ್) ಜೊತೆ ಇದನ್ನು ಬೆರೆಸಬೇಡಿ. ಅದರಲ್ಲಿ ವ್ಯಾನ್ ಜೀನ್‌ಗಳೇ ಇಲ್ಲ. ಭಿತ್ತಿ ದಪ್ಪವಾಗಿರುತ್ತದೆ, ಹೆಣೆಯದೆ ಉಳಿದ ಡಿ-ಅಲನೈನ್ ತುದಿಗಳು ಔಷಧವನ್ನು ಹೊರಗಡೆಯೇ ಹಿಡಿದುಕೊಳ್ಳುತ್ತವೆ.