ಮೂರು ವರ್ಷದ ಲೈಸೆನ್ಸ್, ನಲವತ್ತು ವರ್ಷದ ಗೋಡೆ

ಮುಂಬಯಿ-ಪುಣೆ ನಡುವಿನ ಖೋಪೋಲಿ, ಕರ್ಜತ್, ಲೋಣಾವಳಗಳ ಸುತ್ತ ಜಾಗ ಮಾಡಿಕೊಂಡಿರುವ ನಮ್ಮ ಕನ್ನಡ, ತುಳು ಹೋಟೆಲ್ ಮಾಲೀಕರು ರೆಸಾರ್ಟಿನ ನಕ್ಷೆ ಮಾಡಿಸಲೆಂದು ನನ್ನ ಮಾಟುಂಗದ ಕಚೇರಿಗೆ ಬಂದಾಗ, ಚಹಾ ಬರುವ ಮೊದಲೇ ಮೊಬೈಲ್ ತೆಗೆದು ತೋರಿಸುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಬಾಹ್ಯಾಕಾಶ ನೌಕೆಯಂಥ ಲಾಬಿ, ಕಾರಿನ ಆಕಾರದ ಮಂಚ, ಗೋಡೆಯ ತುಂಬ ಒಬ್ಬ ಸೂಪರ್‌ಹೀರೋ. “ಪಾರ್ಕಿಗೆ ಬರುವ ಜನ ನಮ್ಮಲ್ಲಿ ಉಳಿಯಬೇಕಾದರೆ ಇಂಥದ್ದೇನಾದರೂ ಬೇಕಲ್ಲ ಮೇಡಂ” ಎನ್ನುತ್ತಾರೆ. ಖೋಪೋಲಿಯ ಬಳಿ 2013ರಲ್ಲಿ ಇಮ್ಯಾಜಿಕಾ ಎಂಬ ಥೀಮ್ ಪಾರ್ಕ್ ತೆರೆದು, 2015ರಲ್ಲಿ ಅದರ ಪಕ್ಕದಲ್ಲೇ ಹೋಟೆಲೂ ಬಂದ ಮೇಲೆ ಈ ಆಸೆ ಇನ್ನಷ್ಟು ಬಲಿತಿದೆ. ಆಸೆಯನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಆ ಸೂಪರ್‌ಹೀರೋನನ್ನು ಗೋಡೆಯಲ್ಲಿ ಕಾಯಂ ಆಗಿ ಕೂರಿಸಬೇಕೆಂಬ ಹಟವನ್ನು ಬಿಡಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ಮೊದಲಿಗೆ ಒಂದು ಪದದ ಗೊಂದಲ. ನಮ್ಮ ಹೋಟೆಲಿನವರಿಗೆ ‘ಫ್ರಾಂಚೈಸಿ’ ಎಂದರೆ ಯಾವುದೋ ದೋಸೆಯ ಬ್ರ್ಯಾಂಡಿನ ಹೆಸರು ಪಡೆದು ಠಾಣೆಯಲ್ಲೋ ವಾಶಿಯಲ್ಲೋ ತೆರೆಯುವ ಅಂಗಡಿ. ಮನರಂಜನೆಯ ಉದ್ಯಮದಲ್ಲಿ ಫ್ರಾಂಚೈಸಿ ಎಂದರೆ ಒಂದೇ ಕಥಾಲೋಕದಿಂದ ಹುಟ್ಟುವ ಸಿನಿಮಾ, ಕಾರ್ಟೂನ್, ಆಟಿಕೆ, ಅಂಗಿಗಳ ಒಟ್ಟು ಸಂಸಾರ. ಮೊದಲನೆಯದರಲ್ಲಿ ನಿಮಗೆ ವ್ಯಾಪಾರ ನಡೆಸುವ ವಿಧಾನವನ್ನೂ ಹೇಳಿಕೊಡುತ್ತಾರೆ. ಎರಡನೆಯದರಲ್ಲಿ ಒಂದು ಮುಖವನ್ನು ಇಂತಿಷ್ಟು ವರ್ಷ ಬಳಸಿಕೊಳ್ಳಲು ಅನುಮತಿ ಕೊಡುತ್ತಾರೆ, ಅಷ್ಟೆ. ಆ ‘ಇಂತಿಷ್ಟು ವರ್ಷ’ ಎಂಬುದೇ ಯಾರ ಕಿವಿಗೂ ಬೀಳುವುದಿಲ್ಲ.

ಮುಂಬಯಿಯಲ್ಲಿ ಬಾಡಿಗೆಗೆ ಇದ್ದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭವಾಗಬೇಕಿತ್ತು. ಇಲ್ಲಿ ಮನೆ ಸಿಗುವುದೇ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ಮೇಲೆ, ಹೆಚ್ಚಿನಂಶ ಹನ್ನೊಂದು ತಿಂಗಳಿಗೆ. ಅಂಥ ಮನೆಯಲ್ಲಿ ಯಾರಾದರೂ ಸ್ವಂತ ಖರ್ಚಿನಿಂದ ಇಟಾಲಿಯನ್ ಮಾರ್ಬಲ್ ಹಾಸುತ್ತಾರೆಯೇ? ಮೊಳೆ ಹೊಡೆಯುವುದಕ್ಕೂ ಯೋಚಿಸುತ್ತಾರೆ. ಪಾತ್ರದ ಲೈಸೆನ್ಸೂ ಅದೇ ಜಾತಿಯ ಕಾಗದ. ಅವಧಿ ಮುಗಿದ ದಿನ ಆ ಮುಖ ನಿಮ್ಮ ಗೋಡೆಯಿಂದ, ಮೆನು ಕಾರ್ಡಿನಿಂದ, ಎಲಿವೇಟರಿನ ಬಾಗಿಲಿನಿಂದ ಇಳಿಯಬೇಕು. ನವೀಕರಿಸುವ ಅವಕಾಶವಿದ್ದರೂ ದರ ನಿಮ್ಮ ಕೈಯಲ್ಲಿರುವುದಿಲ್ಲ, ಏಕೆಂದರೆ ನೀವು ಗೋಡೆಗೆ ಎಷ್ಟು ಸುರಿದಿದ್ದೀರಿ ಎಂಬುದು ಎದುರಿನವನಿಗೂ ಗೊತ್ತಿರುತ್ತದೆ.

ಇದನ್ನೇ ಇನ್ನೊಂದು ಕಡೆಯಿಂದ ನೋಡೋಣ. ಹೋಟೆಲಿನ ಕಟ್ಟಡಕ್ಕೆ ಒಂದೇ ಆಯುಷ್ಯವಿಲ್ಲ, ಹಲವು ಆಯುಷ್ಯಗಳಿವೆ. ಕಂಬ, ಸ್ಲ್ಯಾಬ್, ಕಿಟಕಿಯ ಜಾಗ, ಕೊಳಾಯಿಯ ನಾಳ ಇವೆಲ್ಲ ನಲವತ್ತು ವರ್ಷ ಬಾಳಲೆಂದು ಕಟ್ಟುವಂಥವು. ಮಂಚ, ಬೀರು, ಬಚ್ಚಲಿನ ಟೈಲ್ಸ್ ಚೆನ್ನಾಗಿ ನಡೆಸಿದರೆ ಹತ್ತು ಹನ್ನೆರಡು ವರ್ಷ. ಪರದೆ, ಹೊದಿಕೆ, ಸೋಫಾದ ಬಟ್ಟೆ, ಬಣ್ಣ ಇವು ಐದಾರು ವರ್ಷಕ್ಕೆ ಬದಲಾಗಲೇಬೇಕು. ಕೊಂಕಣದ ಮಳೆಗೆ ಒಡ್ಡಿದ ಕಡೆ ಅದಕ್ಕೂ ಮೊದಲೇ. ಲೈಸೆನ್ಸು ಮೂರೋ ಐದೋ ವರ್ಷದ್ದಾದರೆ, ಪಾತ್ರವೂ ಹೇಗೂ ಬೇಗ ಬದಲಾಗುವ ಈ ಪದರದಲ್ಲೇ ಇರಬೇಕು. ಪರದೆಯ ಮೇಲೆ ಇರಲಿ, ದಿಂಬಿನ ಚೀಲದ ಮೇಲೆ ಇರಲಿ, ಚೌಕಟ್ಟು ಹಾಕಿದ ಚಿತ್ರದಲ್ಲಿ ಇರಲಿ, ಬೆಳಗಿನ ತಿಂಡಿಯ ತಟ್ಟೆಯಲ್ಲೂ ಇರಲಿ. ಕಾಂಕ್ರೀಟಿನಲ್ಲಿ, ಟೈಲ್ಸಿನಲ್ಲಿ, ಪಿಓಪಿಯ ಸೀಲಿಂಗಿನಲ್ಲಿ ಬೇಡ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಎದುರು ಕುಳಿತವರು ತಲೆಯಾಡಿಸಿ, “ಸರಿ ಮೇಡಂ, ಸ್ವಿಮ್ಮಿಂಗ್ ಪೂಲಿನ ತಳದಲ್ಲಿ ಮೊಸಾಯಿಕ್‌ನಲ್ಲಿ ಹಾಕಬಹುದಲ್ಲ?” ಎಂದು ಕೇಳುತ್ತಾರೆ. ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.

“ಹಾಗಾದರೆ ಡಿಸ್ನಿಯವರು ಮಾಡುವುದಿಲ್ಲವೇ?” ಎಂಬ ಪ್ರಶ್ನೆ ನಂತರ ಬಂದೇ ಬರುತ್ತದೆ. ಮಾಡುತ್ತಾರೆ, ಅವರದು ಸ್ವಂತ ಮನೆ. ಆದರೂ ಅವರು ಅದನ್ನು ಹೇಗೆ ಮಾಡಿದ್ದಾರೆಂದು ನೋಡಿದರೆ ನನ್ನ ವಾದಕ್ಕೇ ಬಲ ಬರುತ್ತದೆ. ಫ್ಲೋರಿಡಾದ ಪಾರ್ಕು 1971ರಲ್ಲಿ ತೆರೆದಾಗ ಅದರೊಡನೆ ಶುರುವಾದ ಎರಡು ಹೋಟೆಲುಗಳಲ್ಲಿ ಒಂದು ಆಧುನಿಕ ಕಟ್ಟಡ, ಮೊನೊರೈಲು ಅದರ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತದೆ. ಇನ್ನೊಂದು ಪಾಲಿನೇಷ್ಯಾದ ದ್ವೀಪಗಳ ನೆನಪಿನ ಹಳ್ಳಿ. ಎರಡೂ ಯಾವ ಸಿನಿಮಾದ ಮೇಲೂ ನಿಂತಿಲ್ಲ. ಎರಡೂ ಇವತ್ತಿಗೂ ನಡೆಯುತ್ತಿವೆ. 2021ರಲ್ಲಿ ಅವುಗಳ ಕೋಣೆಗಳನ್ನು ನವೀಕರಿಸಿದಾಗ ಮೊದಲನೆಯದಕ್ಕೆ ‘ಇನ್‌ಕ್ರೆಡಿಬಲ್ಸ್’ ಸಿನಿಮಾದ ಪಾತ್ರಗಳು ಬಂದವು, ಎರಡನೆಯದಕ್ಕೆ ‘ಮೊವಾನಾ’ ಸಿನಿಮಾದ ನಾಯಕಿ ಬಂದಳು. ಐವತ್ತು ವರ್ಷದ ಮೈಗೆ ಹೊಸ ಸೀರೆ ಉಡಿಸಿದರು. ನಾಳೆ ಬೇಡವೆನಿಸಿದರೆ ಸೀರೆ ಬದಲಾಯಿಸುತ್ತಾರೆ, ಮೈಯನ್ನಲ್ಲ.

ಅದೇ ಕಂಪನಿ ಒಮ್ಮೆ ಮೈಯನ್ನೇ ಕಥೆಯಾಗಿಸಿದ್ದೂ ಉಂಟು. ‘ಸ್ಟಾರ್ ವಾರ್ಸ್’ ಲೋಕದ ಹೆಸರಿನಲ್ಲಿ ಫ್ಲೋರಿಡಾದಲ್ಲೇ 2022ರ ಮಾರ್ಚ್ 1ರಂದು ತೆರೆದ, ಬಾಹ್ಯಾಕಾಶ ನೌಕೆಯಂಥ ಹೋಟೆಲಿನಲ್ಲಿ 100 ಕೋಣೆಗಳಿದ್ದವು. ಎರಡು ರಾತ್ರಿಯ ವಾಸ್ತವ್ಯ, ನಟರೊಂದಿಗೆ ಅತಿಥಿಗಳೂ ಕಥೆಯ ಪಾತ್ರಗಳಾಗುವ ಏರ್ಪಾಡು, ಇಬ್ಬರಿಗೆ ಸುಮಾರು 4,800 ಡಾಲರ್. ಹೋಗಿಬಂದವರಲ್ಲಿ ಅನೇಕರು ಮನಸಾರೆ ಹೊಗಳಿದ್ದರು. ಆದರೂ 2023ರ ಸೆಪ್ಟೆಂಬರಿನ ಕೊನೆಗೆ ಅದು ಮುಚ್ಚಿತು. ಮುಚ್ಚಿದ್ದಕ್ಕೆ ದರ ಒಂದು ಕಾರಣ ಎನ್ನುವುದು ಬಹಳ ಜನರ ಅಭಿಪ್ರಾಯ, ನನಗೂ ಹಾಗೇ ಅನಿಸುತ್ತದೆ. ಆದರೆ ವೃತ್ತಿಯ ಕಣ್ಣಿಗೆ ಕಾಣುವುದು ಬೇರೆಯೇ ಸಂಗತಿ. ಬಾಹ್ಯಾಕಾಶದಲ್ಲಿದ್ದೇವೆಂಬ ಭಾವನೆ ಕೆಡಬಾರದೆಂದು ಆ ಕೋಣೆಗಳಿಗೆ ಕಿಟಕಿಯ ಬದಲು ನಕ್ಷತ್ರ ತೋರಿಸುವ ಪರದೆ ಇಟ್ಟಿದ್ದರು. ಕಥೆ ನಡೆಯುವಷ್ಟು ದಿನ ಅದು ಅದ್ಭುತ. ಕಥೆ ನಿಂತ ಮರುದಿನ ನಿಮ್ಮ ಕೈಯಲ್ಲಿ ಉಳಿಯುವುದು ಕಿಟಕಿಯಿಲ್ಲದ ನೂರು ಕೋಣೆ. ಅದನ್ನು ಮಾಮೂಲಿ ಹೋಟೆಲಾಗಿ ಮಾರಲು ಹೊರಟವನಿಗೆ ಯಾವ ವಾಸ್ತುಶಿಲ್ಪಿಯೂ ಅಗ್ಗದ ಉಪಾಯ ಹೇಳಲಾರ.

ನನ್ನ ಮಾತಿಗೆ ವಿರುದ್ಧವಾದ ಉದಾಹರಣೆಯನ್ನೂ ಮುಚ್ಚಿಡಬಾರದು. ಟೋಕಿಯೋದ ಬಳಿಯ ಡಿಸ್ನಿ ಪಾರ್ಕಿನಲ್ಲಿ 2022ರಲ್ಲಿ ‘ಟಾಯ್ ಸ್ಟೋರಿ’ ಸಿನಿಮಾದ ಹೆಸರಿನ ಹೋಟೆಲ್ ತೆರೆಯಿತು. ಅಲ್ಲಿನ ಪಾರ್ಕುಗಳ ಒಡೆತನ ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿಯದು, ಪಾತ್ರಗಳು ಮಾತ್ರ ಡಿಸ್ನಿಯಿಂದ ಲೈಸೆನ್ಸ್ ಪಡೆದವು, ಅಂದರೆ ಅದೂ ಬಾಡಿಗೆದಾರನೇ. ಆದರೆ 1983ರಿಂದ ಅದೇ ಮನೆಯಲ್ಲಿರುವ ಬಾಡಿಗೆದಾರ. ನಮ್ಮ ಮುಂಬಯಿಯ ಭಾಷೆಯಲ್ಲಿ ಹೇಳುವುದಾದರೆ ಪಗಡಿಯ ಮನೆಯವನು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಬಹುಕಾಲ ಉಳಿಯುವ ಬಾಡಿಗೆದಾರ, ಸುಲಭಕ್ಕೆ ಎಬ್ಬಿಸಲಾಗದು. ಕರ್ಜತಿನ ಅರವತ್ತು ಕೋಣೆಯ ರೆಸಾರ್ಟಿಗೆ ಅಂಥ ಕರಾರು ಸಿಗುತ್ತದೆಂದು ನನಗೆ ತೋರುವುದಿಲ್ಲ.

ನಮ್ಮವರು ನೋಡಿ ಕಲಿಯಬೇಕಾದದ್ದು ಅಮೆರಿಕದ ಯೂನಿವರ್ಸಲ್‌ನವರ ಓರ್ಲ್ಯಾಂಡೊ ಹೋಟೆಲುಗಳನ್ನು ಎಂದು ನಾನು ಹೇಳುವುದುಂಟು. ಅವರ ಪಾರ್ಕಿನಲ್ಲಿ 2010ರಿಂದ ಹ್ಯಾರಿ ಪಾಟರ್ ಲೋಕವಿದೆ, ಅದನ್ನು ನೋಡಲೆಂದೇ ಜನ ಬರುತ್ತಾರೆ; ಆದರೆ ಆ ಹೆಸರಿನ ಹೋಟೆಲ್ ಅವರಲ್ಲಿ ಇಲ್ಲ. 1999ರಲ್ಲಿ ತೆರೆದ ಅವರ ಮೊದಲ ಹೋಟೆಲು ಇಟಲಿಯ ಪೋರ್ಟೊಫಿನೊ ಎಂಬ ಬಂದರಿನ ಅನುಕರಣೆ. ಅದರೊಳಗೆ ಕುಟುಂಬಗಳಿಗೆಂದು ಕೆಲವು ಕೋಣೆಗಳನ್ನು ಮಾಡಿ, ಮಕ್ಕಳು ಮಲಗುವ ಒಳಕೋಣೆಯನ್ನು ಮಾತ್ರ ಕಾರ್ಟೂನ್ ಪಾತ್ರಗಳಿಗೆ ಬಿಟ್ಟುಕೊಟ್ಟರು. ತಂದೆತಾಯಿ ಮಲಗುವ ಕಡೆ ಮಾಮೂಲಿ ಹಾಸಿಗೆ, ಮಾಮೂಲಿ ಗೋಡೆ. ಬಾಗಿಲು ಮುಚ್ಚಿದರೆ ಪಾತ್ರ ಆಚೆ, ನಿದ್ದೆ ಈಚೆ.

ನಿದ್ದೆಯ ಮಾತು ಬಂದದ್ದರಿಂದ ಒಂದು ಪ್ರಸಂಗ ಹೇಳಬೇಕು. ಎರಡು ಮಳೆಗಾಲದ ಹಿಂದೆ, ಘಾಟಿನ ಬುಡದ ಒಂದು ರೆಸಾರ್ಟಿನ ಗೋಡೆಗಳು ಒಸರುತ್ತಿವೆಯೆಂದು ನನ್ನನ್ನು ಕರೆಸಿದ್ದರು. ನನ್ನ ವಿನ್ಯಾಸವಲ್ಲ; ಯಾರದೆಂದು ಕೇಳಲೂ ಇಲ್ಲ. ಮಂಚದ ಎದುರಿನ ಗೋಡೆಯಲ್ಲಿ ಫೈಬರಿನ ಒಬ್ಬ ಖಳನಾಯಕನ ಮುಖ, ಕಣ್ಣಿನ ಜಾಗದಲ್ಲಿ ಎರಡು ಕೆಂಪು ಎಲ್‌ಇಡಿ ಬಲ್ಬು. ಅದರ ಸ್ವಿಚ್ಚು ಎಸಿಯ ಸ್ವಿಚ್ಚಿನೊಂದಿಗೇ ಸೇರಿಹೋಗಿತ್ತು, ಅಂದರೆ ತಂಪು ಬೇಕಾದರೆ ಅವನು ದಿಟ್ಟಿಸುತ್ತಲೇ ಇರುತ್ತಾನೆ. ಹೆಬ್ರಿಯ ಕಡೆಯ ಹುಡುಗನೊಬ್ಬ ಅಲ್ಲಿ ರೂಮ್ ಬಾಯ್. ನಾನು ಗೋಡೆ ಮುಟ್ಟಿ ನೋಡುತ್ತಿದ್ದಾಗ ಮೆಲ್ಲಗೆ ಹೇಳಿದ: “ಮೇಡಂ, ಮಕ್ಕಳಿರುವ ರೂಮಿನಲ್ಲಿ ಬೆಳಿಗ್ಗೆ ಹೋಗಿ ನೋಡಿದರೆ ಒಂದು ಟವೆಲ್ ಇವನ ಮುಖದ ಮೇಲೇ ಇರ್ತದೆ. ನಾನೀಗ ಮೊದಲೇ ಒಂದು ಟವೆಲ್ ಹೆಚ್ಚಿಗೆ ಇಟ್ಟುಬಿಡ್ತೇನೆ.” ಆ ಮುಖದ ಮೂಗಿನ ಬದಿಗೆ ಟವೆಲ್ಲಿನ ಹಸಿಯಿಂದಲೇ ಒಂದು ಕರಿಯ ಕಲೆ ಬಿದ್ದಿತ್ತು. ಹಗಲಿಡೀ ರೈಡುಗಳಲ್ಲಿ ಕಿರುಚಿ ಬಂದ ಮಗುವಿಗೆ ರಾತ್ರಿ ಬೇಕಾದದ್ದು ಕತ್ತಲೆ, ಒಣಗಿದ ಹಾಸಿಗೆ, ಬಿಸಿನೀರು. ಆ ಹುಡುಗನಿಗೆ ಇದು ತಿಳಿದಿತ್ತು, ನಕ್ಷೆ ಬರೆದವರಿಗೆ ತಿಳಿದಿರಲಿಲ್ಲ.

ನಾನೂ ಪುಣ್ಯವಂತಳೇನಲ್ಲ. ವೃತ್ತಿಯ ಆರಂಭದಲ್ಲಿ ದೋಣಿಯ ಆಕಾರದ ಹೆಡ್‌ಬೋರ್ಡ್ ಮಾಡಿ ಬೀಗಿದ್ದೆ. ಒಬ್ಬ ರೂಮ್ ಬಾಯ್ ಒಂದು ಪಾಳಿಯಲ್ಲಿ 14-15 ಕೋಣೆ ಮುಗಿಸಬೇಕು. ನನ್ನ ದೋಣಿಯ ಸಂದುಗೊಂದುಗಳ ಧೂಳು ಒರೆಸುವಷ್ಟರಲ್ಲಿ ಅವನಿಗೆ ಹತ್ತು ಮುಗಿದರೆ ಹೆಚ್ಚು. ಆರು ತಿಂಗಳಿಗೆ ದೋಣಿಗಳೆಲ್ಲ ಗೋದಾಮು ಸೇರಿದವು.

ಕಾನೂನಿನ ವಿಷಯದಲ್ಲಿ ನಾನು ವಕೀಲಳಲ್ಲ, ಆದ್ದರಿಂದ ಎರಡೇ ಎಚ್ಚರಿಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೈಸೆನ್ಸಿನ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದನ್ನು ಐದು ವರ್ಷವೆಂದೇ ಎಣಿಸುತ್ತಾರೆ. ‘ಬರೆದಿಲ್ಲ, ಅಂದರೆ ಶಾಶ್ವತ’ ಎಂದು ನಂಬಿ ಗೋಡೆ ಕಟ್ಟಿಸಬೇಡಿ. ಎರಡನೆಯದು, ಸಿನಿಮಾದ ಹಕ್ಕು ಪಡೆದ ಮಾತ್ರಕ್ಕೆ ನಟನ ಮುಖದ ಹಕ್ಕು ಸಿಕ್ಕಿತೆಂದುಕೊಳ್ಳಬೇಡಿ. 2022ರ ನವೆಂಬರಿನಲ್ಲಿ ಅಮಿತಾಭ್ ಬಚ್ಚನ್, 2023ರ ಸೆಪ್ಟೆಂಬರಿನಲ್ಲಿ ಅನಿಲ್ ಕಪೂರ್ ತಮ್ಮ ಹೆಸರು, ದನಿ, ಚಹರೆಗಳನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟಿನಿಂದ ಆದೇಶ ತಂದಿದ್ದಾರೆ. ಕಾಗದ ಕೈಗೆ ಬರುವ ಮೊದಲು ಕಾರ್ಪೆಂಟರನನ್ನು ಕರೆಯಬೇಡಿ.

ಥೀಮ್ ಎಂದರೆ ಮುಖವೇ ಆಗಬೇಕೆಂದೇನೂ ಇಲ್ಲ. ನನ್ನ ಕಚೇರಿಗೆ ಹತ್ತಿರವೇ, ಮಾಟುಂಗ ಸ್ಟೇಷನ್ನಿನ ಬಳಿ, 1942ರಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಗೋಡೆಯ ಮೇಲೆ ಯಾರ ಚಿತ್ರ ಇದೆಯೆಂದು ಕೇಳಿದರೆ ಅಲ್ಲಿ ಉಂಡವರಲ್ಲಿ ಹೆಚ್ಚಿನವರಿಗೆ ನೆನಪಾಗದು. ಬಾಳೆ ಎಲೆ, ಅದರ ಮೇಲೆ ಬಡಿಸುವ ಕ್ರಮ ನೆನಪಾಗುತ್ತದೆ. ಜಾಗವೊಂದನ್ನು ಮನಸ್ಸಿನಲ್ಲಿ ಉಳಿಸುವುದು ಇಂಥ ಸಂಗತಿ, ಮತ್ತು ಇದಕ್ಕೆ ಯಾರಿಗೂ ರಾಯಲ್ಟಿ ಕಟ್ಟಬೇಕಾಗಿಲ್ಲ. ಪಾರ್ಕಿನ ಪಕ್ಕದ ಹೋಟೆಲು ಸಹ್ಯಾದ್ರಿಯ ಕೋಟೆಯ ಹಾಗಿರಬಹುದು, ಹಳೆಯ ಘಾಟಿನ ರೈಲು ನಿಲ್ದಾಣದ ಹಾಗಿರಬಹುದು. ಸ್ಥಳಕ್ಕೆ ಹಳತಾಗುವ ಭಯ ಕಡಿಮೆ, ಪಾತ್ರಕ್ಕೆ ಬಹಳ.

ಇದನ್ನೆಲ್ಲ ನಾನು ಸವಿಸ್ತಾರವಾಗಿ ಹೇಳಿದ್ದು ಮುಲುಂಡಿನ ಹಿರಿಯ ಹೋಟೆಲ್ ಮಾಲೀಕರೊಬ್ಬರಿಗೆ. ನಾಲ್ಕು ದಶಕ ಗಲ್ಲಾ ಪೆಟ್ಟಿಗೆಯ ಹಿಂದೆ ಕುಳಿತವರು, ಕೊಟ್ಟ ಮಾತಿಗೆ ತಪ್ಪದವರು, ಆದರೆ ಮೊಮ್ಮಗನ ಮಾತು ಮೀರಲಾರದವರು. ಮೊಮ್ಮಗ ಮೂರು ವರ್ಷದ ಹಿಂದೆ ಒಬ್ಬ ಹೀರೋನ ಅಂಗಿ ಕೊಡಿಸಿಕೊಂಡಿದ್ದನಂತೆ. “ಈಗಲೂ ಅದನ್ನೇ ಹಾಕುತ್ತಾನೆಯೇ ಶೆಟ್ರೇ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಈಗ ಗಾಡಿ ಒರೆಸುವ ಬಟ್ಟೆ ಮೇಡಂ” ಎಂದು ನಕ್ಕರು. ಕಳೆದ ವಾರ ಫೋನ್ ಮಾಡಿ, ಮೇಲಿನ ಮಹಡಿಯ ಆರು ಕೋಣೆಗಳಲ್ಲಾದರೂ ಇರಲಿ ಎಂದರು. ಮಕ್ಕಳ ಮೂಲೆಯಲ್ಲಿ, ಕಳಚಿ ತೆಗೆಯುವ ಹಲಗೆಯ ಮೇಲೆ ಆಗಬಹುದು ಎಂದಿದ್ದೇನೆ. ಕಣ್ಣಿಗೆ ಬಲ್ಬು ಮಾತ್ರ ಬೇಡ ಎಂದು ನಕ್ಷೆಯ ಮೇಲೇ ಬರೆದು ಕಳಿಸಿದ್ದೇನೆ.