ಮೇಲ್ ಬರುವುದು ನಿಂತಾಗ: ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವ ಬಗೆ

"ಹೊಸ ಮೇಲ್ ಬರ್ತಿಲ್ಲ" ಅಂತ ಯಾರಾದರೂ ಹೇಳಿದ ಕೂಡಲೇ ನಾವು ಸೆಟ್ಟಿಂಗ್ಸ್‌ಗೆ ಕೈ ಹಾಕುತ್ತೇವೆ. ಅದಕ್ಕೂ ಮುಂಚೆ ಒಂದು ವಿಷಯ ತಿಳಿದುಕೊಳ್ಳಬೇಕು. ಮೇಲ್ ಎಲ್ಲಿಯವರೆಗೆ ಬಂದಿದೆ?

ಕಳಿಸಿದವರಿಂದ ಹೊರಟ ಮೇಲ್ ಮೊದಲು ಸರ್ವರ್‌ನಲ್ಲಿರುವ ನಮ್ಮ ಮೇಲ್‌ಬಾಕ್ಸ್‌ಗೆ ಬರುತ್ತದೆ. ಅಲ್ಲಿಂದ ನಮ್ಮ ಕಂಪ್ಯೂಟರಿನ ಮೇಲ್ ಪ್ರೋಗ್ರಾಂ, ಥಂಡರ್‌ಬರ್ಡೋ ಔಟ್‌ಲುಕ್ಕೋ, ಅದನ್ನು ಇಳಿಸಿಕೊಳ್ಳುತ್ತದೆ. ಇಳಿಸಿಕೊಂಡದ್ದನ್ನು ಡಿಸ್ಕ್‌ನಲ್ಲಿ ಬರೆದಿಡುತ್ತದೆ. ಆಮೇಲೆ ಪಟ್ಟಿಯಲ್ಲಿ ತೋರಿಸುತ್ತದೆ. ಈ ನಾಲ್ಕು ಕಡೆಗಳಲ್ಲಿ ಎಲ್ಲಿ ತೊಡಕಾದರೂ ಕೂತು ನೋಡುವವರಿಗೆ ಕಾಣುವುದು ಒಂದೇ, ಇನ್‌ಬಾಕ್ಸ್‌ನಲ್ಲಿ ಹೊಸದೇನೂ ಇಲ್ಲ. ಅದಕ್ಕೇ ಊಹೆ ಮಾಡುತ್ತಾ ಹೋದರೆ ದಿನ ಕಳೆಯುತ್ತದೆ.

ಹುಡುಕಾಟ ಶುರು ಮಾಡುವ ರೀತಿ ಇದು. ಬ್ರೌಸರ್‌ನಲ್ಲಿ ವೆಬ್‌ಮೇಲ್ ತೆರೆಯಿರಿ. ಬೇರೊಂದು ವಿಳಾಸದಿಂದ ಒಂದು ಮೇಲ್ ಕಳಿಸಿ, ವಿಷಯದ ಜಾಗದಲ್ಲಿ ಗಂಟೆ ನಿಮಿಷ ಬರೆಯಿರಿ. ಅದು ವೆಬ್‌ಮೇಲ್‌ನಲ್ಲಿ ಕಂಡರೆ ಸರ್ವರ್ ತನಕದ ದಾರಿ ಸರಿ ಇದೆ, ತೊಂದರೆ ನಮ್ಮ ಕಡೆಯದು. ಕಾಣದಿದ್ದರೆ ಥಂಡರ್‌ಬರ್ಡ್‌ನಲ್ಲಿ ಏನೇ ತಿರುಗಿಸಿದರೂ ಉಪಯೋಗವಿಲ್ಲ. ಎರಡು ನಿಮಿಷದ ಈ ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ.

ಸರ್ವರ್‌ಗೇ ಬಂದಿಲ್ಲ ಅಂದರೆ

ಮೊದಲು ಸ್ಪ್ಯಾಮ್ ನೋಡಿ, ಆಮೇಲೆ ಜಾಗ ನೋಡಿ. ಜಿಮೇಲ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ. ಅದು ಮೇಲ್‌ಗೆ ಮಾತ್ರ ಅಲ್ಲ, ಡ್ರೈವ್ ಮತ್ತು ಫೋಟೋಸ್‌ಗೂ ಸೇರಿ. ಮದುವೆ ವಿಡಿಯೋಗಳನ್ನು ಡ್ರೈವ್‌ಗೆ ಹಾಕಿದ್ದಕ್ಕೆ ಮೇಲ್ ಬರುವುದು ನಿಲ್ಲಬಹುದು. ಇದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಸ್ವಂತ ಡೊಮೇನ್ (ವಿಳಾಸದಲ್ಲಿ @ ಆದಮೇಲಿನ ಹೆಸರು) ಇದ್ದವರು ಅದರ ವಾಯಿದೆ ಮುಗಿದಿದೆಯಾ ಅಂತ ನೋಡಬೇಕು. ಮುಗಿದಿದ್ದರೆ ಹೆದರುವುದು ಬೇಡ, ತಡ ಮಾಡುವುದೂ ಬೇಡ. ಮೇಲ್ ಆ ಹೊತ್ತಿಗೆ ತಲುಪಿಸಲು ಆಗದಿದ್ದಾಗ ಕಳಿಸುವ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಮೇಲ್ ಕಳಿಸುವ ಎಸ್‌ಎಂಟಿಪಿ ಎಂಬ ನಿಯಮದಲ್ಲೇ ಹಾಗಿದೆ. ಬೇಗ ಹಣ ಕಟ್ಟಿ ಸರಿಪಡಿಸಿಕೊಂಡರೆ ದಾರಿಯಲ್ಲಿ ಕಾಯುತ್ತಿರುವ ಮೇಲ್‌ಗಳು ಬಂದು ಸೇರಬಹುದು, ಡೊಮೇನೇ ಸಿಗದೆ ಆಗಲೇ ವಾಪಸ್ ಹೋದವು ಮಾತ್ರ ಬರುವುದಿಲ್ಲ.

ರಾಣೆಬೆನ್ನೂರಿನ ಪ್ರೆಸ್ಸಿನಲ್ಲಿ ಸಿಕ್ಕಿಕೊಂಡ ಮೇಲ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸರ್ವರ್‌ನಿಂದ ಮೇಲ್ ಇಳಿಸಿಕೊಳ್ಳುವ ಪಾಪ್ ಎಂಬ ವಿಧಾನ ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ನಿಜವಾಗಿ ಅರ್ಥವಾದದ್ದು ಈ ಒಂದು ಪ್ರಕರಣದಿಂದ.

ನನ್ನ ಸೋದರಮಾವ ರಾಣೆಬೆನ್ನೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ ನಡೆಸುತ್ತಾರೆ. ಒಂದು ಗುರುವಾರ ಫೋನ್ ಬಂತು. "ಮಂಗಳವಾರದಿಂದ ಒಂದ ಮೇಲ್ ಬಂದಿಲ್ಲ ನೋಡಪಾ. ಪಾರ್ಟಿಯವರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ." "ಮಾಮಾ, ಏನೂ ಡಿಲೀಟ್ ಮಾಡಬ್ಯಾಡ್ರಿ, ನಾ ಬರ್ತೀನಿ" ಅಂದೆ.

ಹೋಗಿ ನೋಡಿದರೆ ವೆಬ್‌ಮೇಲ್‌ನಲ್ಲಿ ಹದಿನೇಳು ಹೊಸ ಮೇಲ್ ಇವೆ. ಥಂಡರ್‌ಬರ್ಡ್‌ನಲ್ಲಿ ಒಂದೂ ಇಲ್ಲ. ಗೆಟ್ ಮೆಸೇಜಸ್ ಒತ್ತಿದರೆ ಕೆಳಗಿನ ಪಟ್ಟಿಯಲ್ಲಿ "17ರಲ್ಲಿ 1" ಅಂತ ಬರುತ್ತದೆ. ಅಲ್ಲೇ ನಿಲ್ಲುತ್ತದೆ. ಸುಮಾರು ಎರಡು ನಿಮಿಷದ ಮೇಲೆ ಸಂಪರ್ಕ ಕಡಿದು ಹೋಗುತ್ತದೆ. ಮತ್ತೆ ಒತ್ತಿದರೂ ಅದೇ ಕತೆ. ಪಾಸ್‌ವರ್ಡ್ ಸರಿ ಇದೆ, ಇಂಟರ್ನೆಟ್ ಇದೆ. ಹಾಗಾದರೆ ಒಂದನೇ ಮೇಲ್‌ನಲ್ಲಿ ಏನಿದೆ?

ಈಗ ಪಾಪ್ ವಿಷಯ. ಅದರ ಪೂರ್ತಿ ಹೆಸರಿನ ಅರ್ಥವೇ ಅಂಚೆ ಕಚೇರಿ ನಿಯಮ. ಇಂದು ಬಳಕೆಯಲ್ಲಿರುವ ಮೂರನೇ ಆವೃತ್ತಿಯ ನಿಯಮಾವಳಿ 1996ರದು. ಸರ್ವರ್‌ನಲ್ಲಿ ಅದರ ಬಾಗಿಲಿನ ಸಂಖ್ಯೆ, ಅಂದರೆ ಪೋರ್ಟ್, 110, ಸುರಕ್ಷಿತ ಸಂಪರ್ಕಕ್ಕೆ 995. ಮಾತುಕತೆ ಬಹಳ ಸರಳ. ನಮ್ಮ ಪ್ರೋಗ್ರಾಂ 'ಯೂಸರ್', 'ಪಾಸ್' ಅಂತ ಹೆಸರು, ಗುಟ್ಟು ಹೇಳುತ್ತದೆ. 'ಸ್ಟ್ಯಾಟ್' ಅಂದರೆ ಎಷ್ಟು ಮೇಲ್ ಇವೆ ಅಂತ ಉತ್ತರ. 'ಲಿಸ್ಟ್' ಅಂದರೆ ಒಂದೊಂದರ ಅಳತೆ. 'ರೆಟ್ರ್' ಅಂದರೆ ಕೊಡು. 'ಡೆಲೆ' ಅಂದರೆ ಅಳಿಸು. 'ಕ್ವಿಟ್' ಅಂದರೆ ಹೋಗಿ ಬರ್ತೀನಿ. ಸರ್ವರ್ ಪ್ರತಿ ಸಲ 'ಪ್ಲಸ್ ಓಕೆ' ಅನ್ನುತ್ತದೆ, ಇಲ್ಲವೇ 'ಮೈನಸ್ ಎರ್' ಅನ್ನುತ್ತದೆ.

ಮುಖ್ಯವಾದ ಮಾತು ಇಲ್ಲಿದೆ. 'ಡೆಲೆ' ಹೇಳಿದ ತಕ್ಷಣ ಸರ್ವರ್ ಮೇಲ್ ಅಳಿಸುವುದಿಲ್ಲ. ಗುರುತು ಮಾತ್ರ ಹಾಕಿಕೊಳ್ಳುತ್ತದೆ. 'ಕ್ವಿಟ್' ಕೇಳಿಸಿದ ಮೇಲೆಯೇ ನಿಜವಾಗಿ ಅಳಿಸುತ್ತದೆ. ಮಧ್ಯದಲ್ಲಿ ಲೈನ್ ಕಡಿದರೆ ಹಾಕಿದ ಗುರುತೆಲ್ಲ ರದ್ದು. ಮೇಲ್ ಕಳೆದುಹೋಗಬಾರದು ಅಂತ ಮಾಡಿದ ಒಳ್ಳೆಯ ನಿಯಮ ಇದು. ಆದರೆ ಇದರಿಂದಲೇ ಇನ್ನೊಂದು ಆಗುತ್ತದೆ. ಇಳಿಯಲು ಆಗದ ಒಂದು ಮೇಲ್ ಸಾಲಿನ ಮುಂದೆ ನಿಂತರೆ, ಪ್ರೋಗ್ರಾಂ ಪ್ರತಿ ಸಲ ಅದನ್ನೇ ಎತ್ತಲು ಹೋಗುತ್ತದೆ, ಅಲ್ಲೇ ಕಡಿಯುತ್ತದೆ. ಹಿಂದಿನ ಹದಿನಾರಕ್ಕೆ ಸರದಿಯೇ ಬರುವುದಿಲ್ಲ.

ಮಾವನ ಒಂದನೇ ಮೇಲ್‌ನಲ್ಲಿ 22 ಎಂಬಿಯ ಫೋಟೋ ಕಡತ ಇತ್ತು. ಮೇಲ್‌ನಲ್ಲಿ ಹೋಗುವಾಗ ಲಗತ್ತು ಬೇಸ್‌64 ಎಂಬ ಬರೀ ಅಕ್ಷರಗಳ ರೂಪಕ್ಕೆ ಬದಲಾಗುತ್ತದೆ. ಪ್ರತಿ ಮೂರು ಬೈಟ್‌ಗೆ ನಾಲ್ಕು ಅಕ್ಷರ, ಜೊತೆಗೆ ಸಾಲಿನ ಕೊನೆಯ ಗುರುತುಗಳು. ಹಾಗಾಗಿ 22 ಎಂಬಿ ಸುಮಾರು 30 ಎಂಬಿ ಆಗಿತ್ತು. ಅಷ್ಟಾದರೂ ಇಳಿಯಬೇಕಿತ್ತು, ಅಲ್ವಾ? ಅಡ್ಡ ನಿಂತಿದ್ದು ಆಂಟಿವೈರಸ್. ಅದು ಮೇಲ್ ದಾರಿಯಲ್ಲಿ ಕೂತು ಪೂರ್ತಿ ಮೇಲ್ ತನ್ನ ಕೈಗೆ ಬರುವ ತನಕ ಥಂಡರ್‌ಬರ್ಡ್‌ಗೆ ಏನೂ ಕೊಡುತ್ತಿರಲಿಲ್ಲ. ಪ್ರೆಸ್ಸಿನ ಲೈನ್ ನಿಧಾನ. ಥಂಡರ್‌ಬರ್ಡ್ 100 ಸೆಕೆಂಡ್ ಸದ್ದಿಲ್ಲದೆ ಹೋದರೆ ಸಂಪರ್ಕ ಸತ್ತಿದೆ ಅಂದುಕೊಂಡು ಬಿಡುತ್ತದೆ. ತಪ್ಪು ಒಬ್ಬರದೇ ಅಲ್ಲ. ಮೂರೂ ಸೇರಿದಾಗ ಮೇಲ್ ನಿಂತಿತು.

ಆ ಮೇಲ್ ಅನ್ನು ವೆಬ್‌ಮೇಲ್‌ನಲ್ಲೇ ಅಳಿಸಬಹುದಿತ್ತು. ನೀವು ಹಾಗೇ ಮಾಡಿ, ಅದೇ ಸುಲಭ. ನಾನು ಮಾತ್ರ ಮೊದಲು ಲಗತ್ತನ್ನು ವೆಬ್‌ಮೇಲ್‌ನಿಂದ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ, ಮಾವನಿಗೆ ತೆರೆದು ತೋರಿಸಿ, ಆಮೇಲೆ ಸರ್ವರ್ ಜೊತೆ ಕೈಯಾರೆ ಮಾತಾಡಿ ನೋಡಬೇಕು ಅಂತ ಕೂತೆ. ಸುರಕ್ಷಿತ ಸಂಪರ್ಕದ ಉಪಕರಣವಾದ ಓಪನ್‌ಎಸ್‌ಎಸ್‌ಎಲ್ ಜೊತೆ ಬರುವ ಎಸ್-ಕ್ಲೈಂಟ್ ಎಂಬ ಪ್ರೋಗ್ರಾಂ ಇದಕ್ಕೆ ಸಾಕು. ಸರ್ವರ್ ಹೆಸರು, 995 ಕೊಟ್ಟರೆ ಸರ್ವರ್‌ನ ಗುರುತಿನ ಚೀಟಿಯಾದ ಸರ್ಟಿಫಿಕೇಟಿನ ಉದ್ದ ವಿವರ ಬಂದು ಕೊನೆಗೆ 'ಪ್ಲಸ್ ಓಕೆ' ಬರುತ್ತದೆ. ಪಾಸ್‌ವರ್ಡ್ ಟೈಪ್ ಮಾಡಿದ್ದು ಪರದೆಯ ಮೇಲೆ ಹಾಗೇ ಕಾಣುತ್ತದೆ, ಹಿಂದೆ ಯಾರಿದ್ದಾರೆ ನೋಡಿಕೊಳ್ಳಿ. 'ಲಿಸ್ಟ್' ಅಂದೆ. ಮೊದಲ ಸಾಲಿನಲ್ಲೇ ಎಂಟು ಅಂಕಿಯ ಸಂಖ್ಯೆ, 3 ಕೋಟಿ 15 ಲಕ್ಷ ಬೈಟ್. ಕೆಳಗಿನವೆಲ್ಲ ಸಣ್ಣಪುಟ್ಟವು. 'ಟಾಪ್ 1 0' ಅಂದರೆ ಮೇಲ್‌ನ ತಲೆಬರಹ ಮಾತ್ರ ಬರುತ್ತದೆ. ಯಾರು ಕಳಿಸಿದ್ದು, ಯಾವಾಗ ಅಂತ ಖಚಿತ ಮಾಡಿಕೊಂಡೆ.

ಇಲ್ಲಿ ಎಡವುವ ಜಾಗ ಒಂದಿದೆ, ದಯವಿಟ್ಟು ನೆನಪಿಡಿ. ಎಸ್-ಕ್ಲೈಂಟ್‌ನಲ್ಲಿ ಸಾಲು ದೊಡ್ಡ ಆರ್ ಅಕ್ಷರದಿಂದ ಶುರುವಾದರೆ ಅದು ನಿಮ್ಮ ಆಜ್ಞೆಯನ್ನು ಸರ್ವರ್‌ಗೆ ಕಳಿಸುವುದೇ ಇಲ್ಲ. ಸಂಪರ್ಕವನ್ನು ಹೊಸದಾಗಿ ಮಾತಾಡಿಕೊಳ್ಳಲು ಹೋಗುತ್ತದೆ. ದೊಡ್ಡ ಕ್ಯೂ ಅಕ್ಷರದಿಂದ ಶುರುವಾದರೆ ತಾನೇ ಬಾಗಿಲು ಹಾಕಿಬಿಡುತ್ತದೆ. ಅಂದರೆ ದೊಡ್ಡಕ್ಷರದಲ್ಲಿ 'ಕ್ವಿಟ್' ಹೊಡೆದರೆ ಅದು ಸರ್ವರ್‌ಗೆ ತಲುಪುವುದಿಲ್ಲ, ಅಳಿಸಲು ಹಾಕಿದ ಗುರುತು ರದ್ದಾಗುತ್ತದೆ. ಪಾಪ್ ಆಜ್ಞೆಗಳಿಗೆ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಬರೆದರೆ ಆಯಿತು.

'ಡೆಲೆ 1', ಆಮೇಲೆ 'ಕ್ವಿಟ್'. ಥಂಡರ್‌ಬರ್ಡ್‌ನಲ್ಲಿ ಗೆಟ್ ಮೆಸೇಜಸ್ ಒತ್ತಿದೆ. ಉಳಿದ ಹದಿನಾರು ಮೇಲ್ ಒಂದರ ಹಿಂದೆ ಒಂದು ಸರಸರ ಇಳಿದವು. ಆಂಟಿವೈರಸ್‌ನಲ್ಲಿ ಬರುವ ಮೇಲ್ ತಪಾಸಣೆಯನ್ನಷ್ಟೇ ನಿಲ್ಲಿಸಿದೆ. ಕಡತ ತೆರೆಯುವಾಗಿನ ತಪಾಸಣೆ ಇದ್ದೇ ಇದೆ, ಅದು ಸಾಕು.

ಪಾಪ್‌ಗೆ ಸೇರಿದ ಇನ್ನೆರಡು ಮಾತು. ಪಾಪ್ ಸರ್ವರ್ ಒಬ್ಬರು ಒಳಗಿರುವಾಗ ಮೇಲ್‌ಬಾಕ್ಸ್‌ಗೆ ಬೀಗ ಹಾಕಿಕೊಳ್ಳುತ್ತದೆ. ಫೋನ್ ಮತ್ತು ಕಂಪ್ಯೂಟರ್ ಒಂದೇ ಹೊತ್ತಿಗೆ ಹೋದರೆ ಒಬ್ಬರಿಗೆ 'ಮೈನಸ್ ಎರ್' ಸಿಗಬಹುದು. ಲೈನ್ ಕಡಿದಾಗ ಬೀಗ ಸ್ವಲ್ಪ ಹೊತ್ತು ಹಾಗೇ ಉಳಿಯುವುದೂ ಉಂಟು. ಕಾಲು ಗಂಟೆ ಸುಮ್ನೆ ಬಿಟ್ಟು ನೋಡಿ. ಇನ್ನೊಂದು, 'ಸರ್ವರ್‌ನಲ್ಲಿ ಪ್ರತಿ ಉಳಿಸು' ಎಂಬ ಆಯ್ಕೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದು ಆಫ್ ಇದ್ದರೆ ಆಫೀಸಿನ ಮೇಲ್ ಎಲ್ಲ ಮನೆಗೆ ಹೋಗಿ ಕೂರುತ್ತದೆ. ಆಫೀಸಿನಲ್ಲಿ ಕೂತವರು ಮೇಲ್ ಬರ್ತಿಲ್ಲ ಅಂತ ಒದ್ದಾಡುತ್ತಾರೆ.

ಬಾಗಿಲಲ್ಲೇ ತಡೆದರೆ

ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡುವುದಿಲ್ಲ ಅಂದರೆ ನಿಯಮ ಬದಲಾಗಿದೆಯಾ ನೋಡಿ. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ ಬರೀ ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆ ಪ್ರೋಗ್ರಾಂಗಳನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ಅದನ್ನೇ ಮಾಡಿತು. ಪರಿಹಾರ ಒಓಥ್2 (OAuth2), ಅಂದರೆ ಪ್ರೋಗ್ರಾಂಗೆ ಪಾಸ್‌ವರ್ಡ್ ಕೊಡದೆ ಕಂಪನಿಯ ಪುಟದಲ್ಲೇ ಲಾಗಿನ್ ಆಗಿ ಅನುಮತಿ ಕೊಡುವ ವಿಧಾನ. ಥಂಡರ್‌ಬರ್ಡ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ದೃಢೀಕರಣ ವಿಧಾನವನ್ನು ಅದಕ್ಕೆ ಬದಲಿಸಿದರೆ ಬ್ರೌಸರ್‌ನಂಥ ಕಿಟಕಿ ತೆರೆದು ಲಾಗಿನ್ ಕೇಳುತ್ತದೆ. ಒಓಥ್ ಬಾರದ ಹಳೆ ಪ್ರೋಗ್ರಾಂಗೆ ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆ ಹಾಕಿಕೊಂಡು 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬಹುದು.

ಕೆಲವು ಸಲ ಪ್ರೋಗ್ರಾಂ ಅಪ್‌ಡೇಟ್ ಆದ ಮಾರನೇ ದಿನವೇ ಮೇಲ್ ನಿಲ್ಲುತ್ತದೆ. 2020ರಲ್ಲಿ ಥಂಡರ್‌ಬರ್ಡ್ 78 ಬಂದಾಗ ಹಾಗಾಯಿತು. ಅದು ಸಂಪರ್ಕವನ್ನು ಸುರಕ್ಷಿತವಾಗಿಡುವ ಟಿಎಲ್‌ಎಸ್ ನಿಯಮದ ಹಳೆಯ ಆವೃತ್ತಿಗಳಾದ 1.0 ಮತ್ತು 1.1ನ್ನು ತಾನಾಗಿ ಒಪ್ಪುವುದನ್ನು ಬಿಟ್ಟಿತು. ಹಳೆಯ ಸರ್ವರ್ ಇಟ್ಟುಕೊಂಡವರಿಗೆ ಸಂಪರ್ಕವೇ ಆಗಲಿಲ್ಲ. ಇಂಥ ಸಂದರ್ಭದಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ಅದನ್ನು ಹೊಸದು ಮಾಡಿಸಬೇಕು. ನಮ್ಮ ಕಡೆ ಹಳೆಯದನ್ನು ಮತ್ತೆ ಆನ್ ಮಾಡಿಕೊಂಡು ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. ಹೋಗಿ ಬರುವುದು ನಮ್ಮ ಪಾಸ್‌ವರ್ಡ್ ತಾನೇ.

ಸರ್ಟಿಫಿಕೇಟ್ ಸರಿ ಇಲ್ಲ ಅಂತ ಬಂದರೆ ಮೊದಲು ಪರದೆಯ ಮೂಲೆಯ ತಾರೀಖು ನೋಡಿ. ಮದರ್‌ಬೋರ್ಡ್‌ನ ನಾಣ್ಯದಂಥ ಸೆಲ್, ಹೆಚ್ಚಾಗಿ ಸಿಆರ್2032, ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆ ತಾರೀಖಿಗೆ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ! ಸೆಲ್ ಬದಲಿಸಿ ತಾರೀಖು ಸರಿ ಮಾಡಿದರೆ ಮೇಲ್ ಬರುತ್ತದೆ.

ಐಮ್ಯಾಪ್ ಆದರೆ

ಪಾಪ್ ಬದಲು ಬಳಸುವ ಇನ್ನೊಂದು ವಿಧಾನ ಐಮ್ಯಾಪ್. ಅದರಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತದೆ, ನಾವು ನೋಡುವುದು ಅದರ ಕನ್ನಡಿ. ಪೋರ್ಟ್ 143, ಸುರಕ್ಷಿತವಾಗಿ 993. ಇಲ್ಲಿ ಸಾಮಾನ್ಯ ತೊಡಕು ಸಂಪರ್ಕಗಳ ಲೆಕ್ಕ. ಜಿಮೇಲ್ ಒಂದು ಖಾತೆಗೆ ಒಂದೇ ಹೊತ್ತಿಗೆ 15 ಐಮ್ಯಾಪ್ ಸಂಪರ್ಕ ಕೊಡುತ್ತದೆ. ಥಂಡರ್‌ಬರ್ಡ್ ತಾನೊಂದೇ ಐದರವರೆಗೆ ಇಟ್ಟುಕೊಳ್ಳುತ್ತದೆ. ಮೂರು ಕಂಪ್ಯೂಟರ್ ಅಂದರೆ ಕೋಟಾ ಮುಗಿಯಿತು, ಫೋನ್‌ಗೆ ಜಾಗವಿಲ್ಲ. ಸರ್ವರ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಐದನ್ನು ಎರಡಕ್ಕೆ ಇಳಿಸಿ. ಮೇಲ್ ತಾನಾಗಿ ಬರದೆ ಗೆಟ್ ಮೆಸೇಜಸ್ ಒತ್ತಿದಾಗ ಮಾತ್ರ ಬರುತ್ತಿದ್ದರೆ ಐಡಲ್ ಎಂಬ ಕಾಯುವ ಸಂಪರ್ಕವನ್ನು ಮಧ್ಯದ ರೌಟರ್ ಸದ್ದಿಲ್ಲದೆ ಕಡಿದಿರಬಹುದು. ಹತ್ತು ನಿಮಿಷಕ್ಕೊಮ್ಮೆ ನೋಡು ಅಂತ ಆಯ್ಕೆ ಹಾಕಿಬಿಡಿ.

ಬಂದಿದೆ, ಕಾಣುತ್ತಿಲ್ಲ

ಕ್ವಿಕ್ ಫಿಲ್ಟರ್ ಒತ್ತಿಕೊಂಡೇ ಇರುವುದು, ನಿಯಮವೊಂದು ಮೇಲ್ ಅನ್ನು ಬೇರೆ ಫೋಲ್ಡರ್‌ಗೆ ತಳ್ಳುವುದು, ಹೊಸ ಉತ್ತರ ಹಳೆಯ ಎಳೆಯ ಕೆಳಗೆ ಅಡಗುವುದು, ಕಳಿಸಿದವರ ಗಡಿಯಾರ ತಪ್ಪಿ ಮೇಲ್ ಪಟ್ಟಿಯ ಇನ್ನೊಂದು ತುದಿಗೆ ಹೋಗುವುದು. ಇವೆಲ್ಲ ಇದೇ ಜಾತಿ. 'ಬಂದ ಕ್ರಮ' ಎಂಬ ಕಾಲಮ್‌ನಿಂದ ಜೋಡಿಸಿ ನೋಡಿದರೆ ತಿಳಿಯುತ್ತದೆ.

ಡಿಸ್ಕ್ ಕಡೆಯ ತೊಂದರೆ ಇದಕ್ಕಿಂತ ಗಂಭೀರ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರ್‌ನ ಎಲ್ಲ ಮೇಲ್‌ಗಳನ್ನೂ ಒಂದೇ ಕಡತದಲ್ಲಿ ಒಂದರ ಕೆಳಗೊಂದು ಬರೆಯುತ್ತದೆ. ಅದರ ಹೆಸರು ಬರೀ 'ಇನ್‌ಬಾಕ್ಸ್', ಬಾಲವಿಲ್ಲ. ಪಕ್ಕದಲ್ಲಿ 'ಇನ್‌ಬಾಕ್ಸ್ ಡಾಟ್ ಎಂಎಸ್‌ಎಫ್' ಇರುತ್ತದೆ. ಅದು ಪರಿವಿಡಿ ಮಾತ್ರ. ಪರಿವಿಡಿ ಕೆಟ್ಟರೆ ಮೇಲ್ ಬಂದರೂ ಪಟ್ಟಿಯಲ್ಲಿ ಕಾಣುವುದಿಲ್ಲ. ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಒತ್ತಿದರೆ ಹೊಸ ಪರಿವಿಡಿ ತಯಾರಾಗುತ್ತದೆ. ಬಾಲ ಇರುವುದನ್ನು ಅಳಿಸಿದರೂ ಅದು ಮತ್ತೆ ಹುಟ್ಟುತ್ತದೆ. ಬಾಲ ಇಲ್ಲದ್ದನ್ನು ಅಳಿಸಿದರೆ ಮೇಲ್ ಹೋಯಿತು.

ನೀವು ಡಿಲೀಟ್ ಮಾಡಿದ ಮೇಲ್ ಕೂಡ ಕಾಂಪ್ಯಾಕ್ಟ್ ಮಾಡುವ, ಅಂದರೆ ಕಡತವನ್ನು ಕುಗ್ಗಿಸುವ, ತನಕ ಆ ಕಡತದಲ್ಲೇ ಇರುತ್ತದೆ. ಮಾವನ ಇನ್‌ಬಾಕ್ಸ್ ಪಟ್ಟಿಯಲ್ಲಿ ಇದ್ದದ್ದು ಎರಡು ಸಾವಿರ ಚಿಲ್ಲರೆ ಮೇಲ್, ಕಡತ ಮಾತ್ರ 3.6 ಜಿಬಿ. ಹಳೆಯ ಆವೃತ್ತಿಗಳಲ್ಲಿ 4 ಜಿಬಿ ದಾಟಿದ ಕಡತಕ್ಕೆ ಹೊಸ ಮೇಲ್ ಬರೆಯಲು ಆಗುತ್ತಿರಲಿಲ್ಲ. ಕಡತದ ಪ್ರತಿಯೊಂದನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟು, ಡಿಸ್ಕ್‌ನಲ್ಲಿ ಇನ್ನೂ ಅಷ್ಟೇ ಜಾಗ ಖಾಲಿ ಇದೆ ಅಂತ ನೋಡಿಕೊಂಡು, ಕಾಂಪ್ಯಾಕ್ಟ್ ಮಾಡಿದೆ. 900 ಎಂಬಿಗೆ ಇಳಿಯಿತು.

ಕೊನೆಯದಾಗಿ, ಎಲ್ಲರೂ ಮೊದಲು ಹೇಳುವ ಸಲಹೆ: ಅಕೌಂಟ್ ತೆಗೆದು ಮತ್ತೆ ಸೇರಿಸು. ಐಮ್ಯಾಪ್‌ಗೆ ಇದು ಬಹುತೇಕ ನಡೆಯುತ್ತದೆ, ಮೇಲ್ ಸರ್ವರ್‌ನಲ್ಲಿ ಇದೆಯಲ್ಲ. ಪಾಪ್‌ನಲ್ಲಿ ಸರ್ವರ್ ಖಾಲಿಯಾಗಿರಬಹುದು, ಇರುವ ಒಂದೇ ಪ್ರತಿ ನಿಮ್ಮ ಡಿಸ್ಕ್‌ನಲ್ಲಿ. ಥಂಡರ್‌ಬರ್ಡ್‌ನ ರಿಮೂವ್ ಅಕೌಂಟ್ ಕಿಟಕಿಯಲ್ಲಿ 'ಮೆಸೇಜ್ ಡೇಟಾ ತೆಗೆ' ಎಂಬ ಸಣ್ಣ ಚೌಕ ಇದೆ. ಅದಕ್ಕೆ ಟಿಕ್ ಬಿದ್ದರೆ ಡಿಸ್ಕ್‌ನಲ್ಲಿರುವುದೂ ಹೋಗುತ್ತದೆ. ನಾನು ಪ್ರೆಸ್ಸಿಗೆ ಹೋದಾಗ ಆ ಕಿಟಕಿ ಪರದೆಯ ಮೇಲೆ ತೆರೆದೇ ಇತ್ತು. ಕೆಲಸದ ಹುಡುಗ ಯಾರನ್ನೋ ಕೇಳಿ ಅಲ್ಲಿಯವರೆಗೆ ಹೋಗಿದ್ದ. ಮಾಮಾ ಫೋನ್ ಇಟ್ಟು, "ನಿಲ್ಲಪಾ, ಅಂವ ಬರ್ಲಿ" ಅಂದಿದ್ದಕ್ಕೆ ಕೈ ತೆಗೆದಿದ್ದನಂತೆ. ನಾನು ಕ್ಯಾನ್ಸಲ್ ಒತ್ತಿ ಕೂತೆ.